ಹೊಸ ವರ್ಷದ ಹಾಸಿನ ಮೇಲೊಂದು ಹಳೆಯ ಪುಸ್ತಕ

ಬಿಳಿಯ ಬಟ್ಟೆ ಹಾಸಿ ಅದರ ಮೇಲೆ ಏಳು ಬಟ್ಟಲುಗಳನ್ನು ಇಟ್ಟಿದ್ದರು. ಒಂದರಲ್ಲಿ ಗೋಧಿಯ ಹಸಿರು ಸಸಿ, ನಮ್ಮ ಕಡೆ ನವರಾತ್ರಿಯಲ್ಲಿ ಘಟದ ಮುಂದೆ ಬೆಳೆಸುತ್ತೇವಲ್ಲ, ಥೇಟ್ ಹಾಗೆಯೇ. ಒಂದರಲ್ಲಿ ಸೇಬು, ಒಂದರಲ್ಲಿ ಬೆಳ್ಳುಳ್ಳಿ, ಇನ್ನೊಂದರಲ್ಲಿ ಸುಮಾಕ್ ಎಂಬ ಹುಳಿಕಾಯಿಯ ಕೆಂಪು ಪುಡಿ. ಮೊಳಕೆ ಗೋಧಿಯ ರಸವನ್ನು ಗಂಟೆಗಟ್ಟಲೆ ಕುದಿಸಿ ಮಾಡಿದ ಸಮನು ಎಂಬ ಸಿಹಿ, ಬೋರೆಹಣ್ಣಿನಂತೆ ಕಾಣುವ ಸೆಂಜೆದ್ ಎಂಬ ಒಣಹಣ್ಣು, ಒಂದು ಬಟ್ಟಲು ವಿನೆಗರ್. ಪಾರಸಿ ಭಾಷೆಯಲ್ಲಿ ಈ ಏಳೂ ‘ಸ’ಕಾರದಿಂದ ಆರಂಭವಾಗುತ್ತವೆ. ಅದಕ್ಕೇ ಈ ಹಾಸಿಗೆ ‘ಹಫ್ತ್ ಸೀನ್’, ಅಂದರೆ ಏಳು ಸಕಾರಗಳು ಎಂದು ಹೆಸರು. ಸುತ್ತ ಕನ್ನಡಿ, ಮೇಣದ ಬತ್ತಿ, ಬಣ್ಣ ಬಳಿದ ಮೊಟ್ಟೆಗಳು, ಗಾಜಿನ ಬೋಗುಣಿಯಲ್ಲಿ ಎರಡು ಕೆಂಪು ಮೀನು.

ಇವೆಲ್ಲದರ ನಡುವೆ ಒಂದು ಪುಸ್ತಕವಿತ್ತು. ರಟ್ಟಿನ ಅಂಚು ಸವೆದು, ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿಕೊಂಡಿದ್ದ ಹಳೆಯ ಪುಸ್ತಕ. ಧರ್ಮಗ್ರಂಥವಿರಬೇಕೆಂದುಕೊಂಡೆ. ಅಲ್ಲ, ಧರ್ಮಗ್ರಂಥ ಇನ್ನೊಂದು ಬದಿಯಲ್ಲಿ ರೇಷ್ಮೆ ಬಟ್ಟೆಯಲ್ಲಿತ್ತು. ಇದು ಕವಿತೆಯ ಪುಸ್ತಕ. ಹಾಫಿಜ್ ಎಂಬ ಕವಿಯ ದಿವಾನ್, ಅಂದರೆ ಕವನಗಳ ಸಂಗ್ರಹ.

“ಇದರ ಹೆಸರು ‘ಸ’ ಅಕ್ಷರದಿಂದ ಶುರುವಾಗುವುದಿಲ್ಲವಲ್ಲ, ಇಲ್ಲೇಕೆ ಇಟ್ಟಿದ್ದೀರಿ?” ಎಂದು ಕೇಳಿದೆ. ಗೆಳೆಯ ನನ್ನ ಪ್ರಶ್ನೆಯನ್ನು ತನ್ನ ತಾಯಿಗೆ ತಿಳಿಸಿದ. ಎಂಬತ್ತು ದಾಟಿದ ಆ ಅಜ್ಜಿ ನನ್ನನ್ನೇ ನೋಡಿ, “ಇದಿಲ್ಲದೆ ವರ್ಷ ಹೇಗೆ ಶುರುವಾಗುತ್ತದೆ?” ಎಂದು ತಿರುಗಿ ಕೇಳಿದರು.

ನಾನು ಉತ್ತರ ಕೊಡಲಿಲ್ಲ. ಕೊಡುವ ಮುಖವೂ ಇರಲಿಲ್ಲ. ಏಕೆಂದರೆ ಅದೇ ಹೊತ್ತಿನಲ್ಲಿ, ಕಲಬುರಗಿಯ ನನ್ನ ಮನೆಯಲ್ಲಿ, ಒಂಬತ್ತನೆಯ ತರಗತಿಯ ಮಗಳ ಕಥೆ ಪುಸ್ತಕಗಳೆಲ್ಲ ಕಬ್ಬಿಣದ ಬೀರುವಿನೊಳಗೆ ಇದ್ದವು. ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ತೆಗೆಯಕೂಡದೆಂದು ಫೆಬ್ರುವರಿಯಲ್ಲಿ ರಜೆಗೆ ಹೋದಾಗ ಬೀಗ ಹಾಕಿದವನು ನಾನೇ. ಬೀಗದ ಕೈ ನನ್ನ ಪೆಟ್ಟಿಗೆಯಲ್ಲೇ ದುಬೈಗೆ ಬಂದು, ಈಗ ನನ್ನೊಂದಿಗೆ ಇರಾನಿಗೂ ಬಂದಿತ್ತು!

ಶಿರಾಜಿನ ದಾರಿ

ಇದು 2017ರ ಮಾರ್ಚ್ ತಿಂಗಳ ಮಾತು. ಆಗ ನಾನು ದುಬೈಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೆ. ಪಕ್ಕದ ಮೇಜಿನ ಸಹೋದ್ಯೋಗಿ ಇರಾನಿನ ಶಿರಾಜ್ ಪಟ್ಟಣದವನು. “ನಿಮ್ಮ ಹೊಸ ವರ್ಷಕ್ಕೆ ಇನ್ನೂ ದಿನವಿದೆ. ಮೊದಲು ನಮ್ಮದನ್ನು ನೋಡಿ, ಆಮೇಲೆ ನಿಮ್ಮೂರಿಗೆ ಹೋಗಿ” ಎಂದು ಕರೆದ. ಆ ವರ್ಷ ಅವರ ನೌರೂಜ್ ಮಾರ್ಚ್ 20ಕ್ಕೆ, ನಮ್ಮ ಯುಗಾದಿ 29ಕ್ಕೆ ಬಂದಿತ್ತು.

ದುಬೈಯಿಂದ ಶಿರಾಜಿಗೆ ವಿಮಾನದಲ್ಲಿ ಒಂದು ತಾಸಿಗಿಂತ ತುಸು ಹೆಚ್ಚು, ಅಷ್ಟೆ. ಚಹಾ ಕುಡಿದು ಮುಗಿಸುವುದರೊಳಗೆ ಕೆಳಗಿನ ಕೊಲ್ಲಿ ದಾಟಿ ಬೋಳು ಬೆಟ್ಟಗಳು ಕಾಣತೊಡಗಿದವು. ಶಿರಾಜ್ ಸಮುದ್ರ ಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ದುಬೈಯ ಸೆಕೆಯಿಂದ ಹೋದವನಿಗೆ ಅಲ್ಲಿನ ಮಾರ್ಚ್ ತಿಂಗಳ ಗಾಳಿ ತಣ್ಣಗೆ ಮುಖಕ್ಕೆ ನೀರು ಚಿಮುಕಿಸಿದಂತಿತ್ತು. ರಸ್ತೆಯ ಬದಿಗೆ ಕಹಿ ಕಿತ್ತಳೆಯ ಮರಗಳು. ಊರಿನ ಉತ್ತರದ ಬಾಗಿಲಲ್ಲಿ ‘ಕುರಾನ್ ದರ್ವಾಜಾ’ ಎಂಬ ಕಮಾನು ಇದೆ. ದಾರಿಹೋಕರು ಗ್ರಂಥದ ಕೆಳಗೆ ಹಾದು ಹೋದರೆ ಪಯಣ ಕ್ಷೇಮವಾಗುತ್ತದೆಂದು ಹಿಂದೆ ಆ ಕಮಾನಿನ ಮೇಲ್ಗಡೆ ಕುರಾನಿನ ಪ್ರತಿಯನ್ನು ಇಟ್ಟಿರುತ್ತಿದ್ದರಂತೆ. ‘ಗುಲಿಸ್ತಾನ್’ ಬರೆದ ಸಾದಿಯೂ ಈ ಊರಿನವನೇ, ಅವನ ಗೋರಿಯೂ ಇಲ್ಲೇ ಇದೆ.

ಹಬ್ಬದ ಮುನ್ನಾದಿನ ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಸಿಯ ತಟ್ಟೆ, ಕೆಂಪು ಮೀನು, ಹಯಸಿಂತ್ ಹೂವಿನ ಕುಂಡಗಳ ರಾಶಿ. ಮನೆಗಳಲ್ಲಿ ವಾರಗಳ ಹಿಂದೆಯೇ ‘ಮನೆ ಕೊಡಹುವ’ ಕೆಲಸ ಆರಂಭವಾಗಿರುತ್ತದೆ. ಜಮಖಾನೆಗಳನ್ನು ಹೊರಗೆ ತಂದು ಬಡಿದು, ತೊಳೆದು ಒಣಹಾಕುತ್ತಾರೆ. ವರ್ಷದ ಕೊನೆಯ ಮಂಗಳವಾರ ಸಂಜೆ ಬೀದಿಯಲ್ಲಿ ಬೆಂಕಿ ಹಾಕಿ ಅದರ ಮೇಲೆ ಹಾರುತ್ತಾರೆ. ‘ನನ್ನ ಬಿಳಿಚು ನೀನು ತಗೋ, ನಿನ್ನ ಕೆಂಪು ನನಗೆ ಕೊಡು’ ಎಂದು ಬೆಂಕಿಯನ್ನು ಬೇಡುವುದು ಅದರ ಅರ್ಥ. ಹೋಳಿ ಹುಣ್ಣಿಮೆಯ ಬೆಂಕಿ ಕಂಡ ನಮಗೆ ಇದರಲ್ಲಿ ಪರಕೀಯವಾದದ್ದೇನೂ ಇಲ್ಲ.

ಕವಿ ಎಣಿಸಿದ ದಿನ

ನೌರೂಜ್ ಎಂದರೆ ‘ಹೊಸ ದಿನ’. ಇರಾನ್ ಮಾತ್ರವಲ್ಲ, ಅಫ್ಘಾನಿಸ್ತಾನ, ತಜಕಿಸ್ತಾನ, ಅಜರ್ಬೈಜಾನ್, ಉಜ್ಬೇಕಿಸ್ತಾನ ಮೊದಲಾದ ದೇಶಗಳಲ್ಲೂ, ಕುರ್ದಿ ಜನರಲ್ಲೂ ಈ ಹಬ್ಬವಿದೆ. ನಮ್ಮ ದೇಶದ ಪಾರ್ಸಿಗಳು ‘ಜಮ್‌ಶೇದಿ ನವ್ರೋಜ್’ ಎಂದು ಆಚರಿಸುವುದೂ ಇದನ್ನೇ. ವಿಶ್ವಸಂಸ್ಥೆಯ ಮಹಾಸಭೆ 2010ರಲ್ಲಿ ಮಾರ್ಚ್ 21ನ್ನು ಅಂತರರಾಷ್ಟ್ರೀಯ ನೌರೂಜ್ ದಿನವೆಂದು ಸಾರಿತು.

ಈ ವರ್ಷ ಮಧ್ಯರಾತ್ರಿ ಹನ್ನೆರಡಕ್ಕೆ ಹುಟ್ಟುವುದಿಲ್ಲ. ಸೂರ್ಯ ವಿಷುವದ್ರೇಖೆಯನ್ನು ದಾಟಿ ಉತ್ತರಕ್ಕೆ ಬರುವ, ಹಗಲು ಇರುಳು ಸಮವಾಗುವ ಆ ಕ್ಷಣವೇ ಹೊಸ ವರ್ಷ. ಆದ್ದರಿಂದ ಅದು ಒಂದು ವರ್ಷ ನಡುರಾತ್ರಿ ಬರಬಹುದು, ಇನ್ನೊಂದು ವರ್ಷ ಊಟದ ಹೊತ್ತಿಗೆ ಬರಬಹುದು. ಈ ಲೆಕ್ಕವನ್ನು 1079ರಲ್ಲಿ ಸುಲ್ತಾನ ಮಲಿಕ್ ಶಹನ ಕಾಲದಲ್ಲಿ ತಿದ್ದಿ ಗಟ್ಟಿ ಮಾಡಿದ ಖಗೋಳಜ್ಞರಲ್ಲಿ ಒಬ್ಬ ಯಾರು ಗೊತ್ತೇ? ಉಮರ್ ಖಯ್ಯಾಮ್. ಡಿ.ವಿ.ಜಿ.ಯವರ ‘ಉಮರನ ಒಸಗೆ’ಯ ಮೂಲಕ ಕನ್ನಡಿಗರಿಗೆ ಪರಿಚಿತನಾದ ಅದೇ ಉಮರ! ಪದ್ಯ ಬರೆದ ಕೈಯೇ ಪಂಚಾಂಗವನ್ನೂ ಗುಣಿಸಿತ್ತು. ‘ಸೈನ್ಸ್ ಓದುವ ಹುಡುಗನಿಗೆ ಸಾಹಿತ್ಯವೇಕೆ?’ ಎಂದು ಕೇಳುವ ತಂದೆ ತಾಯಿಗಳು ಈ ಒಬ್ಬ ಮನುಷ್ಯನನ್ನು ನೆನೆದರೆ ಸಾಕು.

2017ರಲ್ಲಿ ಆ ಕ್ಷಣ ಬಂದದ್ದು ಇರಾನಿನ ಗಡಿಯಾರದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಇನ್ನೇನು ಒಂದು ನಿಮಿಷವಿದೆ ಎನ್ನುವಾಗ. ಹೊಸ ಬಟ್ಟೆ ತೊಟ್ಟು ಮನೆಮಂದಿಯೆಲ್ಲ ಹಾಸಿನ ಸುತ್ತ ಕುಳಿತರು. ನನಗೂ ಒಂದು ದಿಂಬು ಕೊಟ್ಟು ಕೂರಿಸಿದರು. ಟಿ.ವಿ.ಯಲ್ಲಿ ಸೆಕೆಂಡುಗಳ ಎಣಿಕೆ ನಡೆದಿತ್ತು. ಮಾತು ತಾನಾಗಿ ನಿಂತಿತು. ತೋಪಿನ ಶಬ್ದ ಕೇಳಿತು, ಹಿಂದೆಯೇ ವಾದ್ಯ ಮೊಳಗಿತು. ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿ ಮುತ್ತಿಟ್ಟರು. ಇರಾನಿಗೆ 1396ನೆಯ ವರ್ಷ ಬಂದಿತ್ತು.

ಅಜ್ಜಿ ರೇಷ್ಮೆ ಬಟ್ಟೆ ಬಿಚ್ಚಿ ಧರ್ಮಗ್ರಂಥದ ಪುಟಗಳ ನಡುವೆ ಇಟ್ಟಿದ್ದ ಗರಿಗರಿ ನೋಟುಗಳನ್ನು ತೆಗೆದು ಚಿಕ್ಕವರಿಗೆಲ್ಲ ಒಂದೊಂದು ಕೊಟ್ಟರು. ಐವತ್ತರ ಸಮೀಪವಿದ್ದ ನನಗೂ ಒಂದು ಸಿಕ್ಕಿತು. ನಂತರ ಆ ಹಳೆಯ ದಿವಾನನ್ನು ಕೈಗೆತ್ತಿಕೊಂಡರು.

ಮನಸ್ಸಿನಲ್ಲೊಂದು ಪ್ರಶ್ನೆ

ಇದಕ್ಕೆ ‘ಫಾಲ್ ಎ ಹಾಫಿಜ್’ ಎನ್ನುತ್ತಾರೆ. ಮನಸ್ಸಿನಲ್ಲಿ ಒಂದು ಪ್ರಶ್ನೆ ನೆನೆಯಬೇಕು. ಕಣ್ಣು ಮುಚ್ಚಿ ಪುಸ್ತಕವನ್ನು ಎಲ್ಲಾದರೂ ತೆರೆಯಬೇಕು. ಬಂದ ಪುಟದಲ್ಲಿರುವ ಗಜಲನ್ನು ಹಿರಿಯರು ಓದುತ್ತಾರೆ. ಅದೇ ಉತ್ತರ. ನೌರೂಜಿನಂದು ಮತ್ತು ಚಳಿಗಾಲದ ಅತಿ ದೀರ್ಘ ರಾತ್ರಿಯಾದ ಯಲ್ದಾದಂದು ಇದು ನಡೆಯುತ್ತದೆ.

ನಮ್ಮಲ್ಲಿ ಯುಗಾದಿಯ ಸಂಜೆ ಪಂಚಾಂಗ ಶ್ರವಣ ಮಾಡುತ್ತೇವೆ. ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಆಯವೆಷ್ಟು ವ್ಯಯವೆಷ್ಟು ಎಂದು ಕೇಳಿ ಸಮಾಧಾನಪಡುತ್ತೇವೆ. ಮುಂದಿನ ದಿನಗಳ ಬಗೆಗಿನ ಕಳವಳ ಎಲ್ಲ ಮನುಷ್ಯರಿಗೂ ಒಂದೇ. ಅದನ್ನು ಕೇಳಲು ಅವರು ಕವಿಯ ಬಳಿಗೂ ಹೋಗುತ್ತಾರೆ.

ನನ್ನ ಸರದಿ ಬಂತು. ‘ನನ್ನ ಮಗಳು ಮುಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಹೇಗೆ ಮಾಡುತ್ತಾಳೆ?’ ಎಂದು ನೆನೆದೆ. ನಗಬೇಡಿ. ಪರದೇಶದಲ್ಲಿ ದುಡಿಯುವ ತಂದೆಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಹೊಳೆಯುವುದಿಲ್ಲ. ಪುಸ್ತಕ ತೆರೆದೆ. ಅಜ್ಜಿ ಕನ್ನಡಕವನ್ನೂ ಹಾಕಿಕೊಳ್ಳದೆ ಮೊದಲ ಸಾಲು ನೋಡಿದರು, ಉಳಿದದ್ದನ್ನು ಬಾಯಿಪಾಠವಾಗಿ ಹೇಳಿದರು. ಹಾಸಿನ ಸುತ್ತ ಕುಳಿತ ಮೂವರು ಪ್ರತಿ ಸಾಲಿನ ಕೊನೆಯ ಪದಕ್ಕೆ ಸ್ವರ ಸೇರಿಸಿದರು.

ನನ್ನ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ. ಹೂವಿತ್ತು, ಬೆಳಗಿನ ಗಾಳಿಯಿತ್ತು, ದೂರವಿರುವವರ ಹಂಬಲವಿತ್ತು. ಗೆಳೆಯ ಅದನ್ನು ಹಿಂದಿಯಲ್ಲಿ ತಿಳಿಸಿ, “ಎಲ್ಲ ಒಳ್ಳೆಯದಾಗುತ್ತದೆ ಎಂದು ಅರ್ಥ” ಅಂದ. ಅವನ ಹೆಂಡತಿ, “ಇಲ್ಲ, ಕಾಯಬೇಕು ಎಂದು ಅರ್ಥ” ಅಂದರು. ಅಜ್ಜಿ ಇಬ್ಬರನ್ನೂ ಸುಮ್ಮನಾಗಿಸಿ ನನ್ನನ್ನು ಕೇಳಿದರು: “ಓದುವಾಗ ನಿನಗೆ ಯಾರ ನೆನಪಾಯಿತು?”

ಮಗಳ ನೆನಪಾಗಿತ್ತು. ಅವಳ ಅಂಕಪಟ್ಟಿಯಲ್ಲ, ನಾನು ಬೀರುವಿಗೆ ಬೀಗ ಹಾಕುವಾಗ ಬಾಗಿಲ ಬಳಿ ನಿಂತಿದ್ದ ಅವಳ ಮುಖ. ಪ್ರಶ್ನೆ ಕೇಳಿದವನಿಗೆ ತನ್ನ ನಿಜವಾದ ಪ್ರಶ್ನೆ ಯಾವುದೆಂದು ತೋರಿಸಿಕೊಟ್ಟರೆ ಅದಕ್ಕಿಂತ ಹೆಚ್ಚಿನ ಭವಿಷ್ಯವನ್ನು ಯಾವ ಶಾಸ್ತ್ರ ಹೇಳಬಲ್ಲದು?

ಹಾಫಿಜನ ಪದ್ಯಗಳು ಹೀಗೆ ನಾನಾ ಅರ್ಥಕ್ಕೆ ಒದಗುತ್ತವೆ. ಅವನು ಹಾಡುವ ಮದಿರೆ ದ್ರಾಕ್ಷಿಯದೋ ದೈವಪ್ರೇಮದ್ದೋ ಎಂಬ ಚರ್ಚೆ ಆರುನೂರು ವರ್ಷಗಳಿಂದ ನಡೆದೇ ಇದೆ. ಒಳ್ಳೆಯ ಸಾಹಿತ್ಯದ ಲಾಭವೇ ಇದು. ಗಣಿತದ ಲೆಕ್ಕಕ್ಕೆ ಎಲ್ಲರ ಉತ್ತರವೂ ಒಂದೇ ಬರಬೇಕು, ಕವಿತೆಗೆ ಬರಬೇಕಾಗಿಲ್ಲ. ಓದುವವನು ತನ್ನ ಬದುಕಿನಿಂದ ಒಂದಷ್ಟನ್ನು ಅದಕ್ಕೆ ಹಾಕಬೇಕು. ಹೋದ ವರ್ಷ ಓದಿದ ಪದ್ಯವೇ ಈ ವರ್ಷ ಬೇರೆ ಮಾತಾಡುತ್ತದೆ. ಪದ್ಯ ಬದಲಾಗಿರುವುದಿಲ್ಲ, ನಾವು ಬದಲಾಗಿರುತ್ತೇವೆ.

ಅಲ್ಲೂ ಪರೀಕ್ಷೆಯುಂಟು

ಹಾಗಾದರೆ ಆ ದೇಶದ ಮಕ್ಕಳಿಗೆ ಅಂಕಗಳ ಚಿಂತೆಯಿಲ್ಲವೇ? ಧಾರಾಳವಾಗಿ ಇದೆ. ಗೆಳೆಯನ ಮಗನಿಗೆ ಹದಿನೇಳು. ಆ ಬೇಸಿಗೆಯಲ್ಲಿ ಅವನು ‘ಕೊಂಕೂರ್’ ಬರೆಯುವವನಿದ್ದ. ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ರಾಷ್ಟ್ರಮಟ್ಟದ ಪರೀಕ್ಷೆಯದು, ನಮ್ಮ ಸಿ.ಇ.ಟಿ. ಇದ್ದಂತೆ. ಅವನ ಕೋಣೆಯ ಗೋಡೆಗೆ ದಿನಕ್ಕಿಷ್ಟು ಗಂಟೆ ಓದಬೇಕೆಂಬ ವೇಳಾಪಟ್ಟಿ, ಮೇಜಿನ ಮೇಲೆ ಮಾದರಿ ಪ್ರಶ್ನೆಗಳ ದಪ್ಪ ಪುಸ್ತಕಗಳು. ಅವನ ತಾಯಿ ಮೊಬೈಲನ್ನು ಕಸಿದು ಅಡಿಗೆಮನೆಯ ಡಬ್ಬಿಯಲ್ಲಿ ಇಟ್ಟಿದ್ದರು. ನನಗೆ ನನ್ನ ಮನೆಯನ್ನೇ ಕಂಡಂತಾಯಿತು.

ಹುಡುಗ ಒಂದು ಮಾತು ಹೇಳಿದ. ಆಗ ಆ ಪರೀಕ್ಷೆಯಲ್ಲಿ ಪಾರಸಿ ಸಾಹಿತ್ಯವೂ ಒಂದು ವಿಷಯವಾಗಿತ್ತು. ಹಾಫಿಜನ ಗಜಲಿನ ಕೆಳಗೆ ನಾಲ್ಕು ಉತ್ತರ ಕೊಟ್ಟು ಸರಿಯಾದುದನ್ನು ಗುರುತಿಸಿ ಎನ್ನುತ್ತಿದ್ದರು. “ಅಲ್ಲಿ ಅವನನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಅಜ್ಜಿ ಓದುವಾಗ ಅವನು ಬೇರೆ ಮನುಷ್ಯ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಪರೀಕ್ಷೆ ಮುಗಿದ ಮೇಲೂ ಅಜ್ಜಿಯ ಹಾಫಿಜ್ ನನ್ನ ಜೊತೆ ಇರುತ್ತಾನೆ, ಅದಕ್ಕೇ ಇದನ್ನು ಸಹಿಸಿಕೊಂಡಿದ್ದೇನೆ” ಎಂದು ನಕ್ಕ.

ವಿದ್ಯಾರ್ಥಿಗಳೇ, ನಿಮಗೂ ಹೀಗೆ ಅನ್ನಿಸಿದ್ದುಂಟೇ? ‘ಸಂದರ್ಭ ಸಹಿತ ಸ್ವಾರಸ್ಯ ಬರೆಯಿರಿ’ ಎಂದಾಗ ಸ್ವಾರಸ್ಯವೆಲ್ಲ ಎಲ್ಲಿಗೋ ಹಾರಿ ಹೋಗುವ ಅನುಭವ? ತಪ್ಪು ನಿಮ್ಮದೂ ಅಲ್ಲ, ಕವಿಯದೂ ಅಲ್ಲ. ಅವನನ್ನು ಪರೀಕ್ಷೆಯ ಕೋಣೆಯ ಹೊರಗೆ ಇನ್ನೊಮ್ಮೆ ಭೇಟಿಯಾಗಬೇಕು, ಅಷ್ಟೆ.

ಗೋರಿಯ ಸುತ್ತ ಸಂತೆ

ಸಂಜೆ ಎಲ್ಲರೂ ಹಾಫಿಜನ ಗೋರಿಗೆ ಹೊರಟೆವು. ಊರಿಗೆ ಊರೇ ಅಲ್ಲಿತ್ತು. ಖ್ವಾಜಾ ಶಂಸುದ್ದೀನ್ ಮುಹಮ್ಮದ್ ಎಂಬುದು ಕವಿಯ ಹೆಸರು. ಕುರಾನನ್ನು ಕಂಠಸ್ಥ ಮಾಡಿಕೊಂಡವನಾದ್ದರಿಂದ ‘ಹಾಫಿಜ್’. ಹದಿನಾಲ್ಕನೆಯ ಶತಮಾನದವನು. ಬಾಳಿನ ಬಹುಭಾಗವನ್ನು ಶಿರಾಜಿನಲ್ಲೇ ಕಳೆದು, 1390ರ ಸುಮಾರಿಗೆ ಅಲ್ಲಿಯೇ ತೀರಿಕೊಂಡ. ದಿವಾನಿನಲ್ಲಿರುವುದು ಸುಮಾರು 500 ಗಜಲುಗಳು. ಗೋರಿಯ ಮೇಲಿನ ಕಲ್ಲನ್ನು 1773ರಲ್ಲಿ ಕರೀಂ ಖಾನ್ ಎಂಬ ದೊರೆ ಹಾಕಿಸಿದ. ಅದರ ಮೇಲೆ ಕವಿಯದೇ ಗಜಲುಗಳನ್ನು ಕೆತ್ತಿದ್ದಾರೆ. ಎಂಟು ಕಂಬಗಳ ಮೇಲೆ ಫಕೀರರ ಟೊಪ್ಪಿಗೆಯಂಥ ಗುಮ್ಮಟವಿರುವ ಈಗಿನ ಮಂಟಪ 1930ರ ದಶಕದ್ದು. ಅದನ್ನು ರೂಪಿಸಿದವನು ಆಂದ್ರೆ ಗೊದಾರ್ ಎಂಬ ಫ್ರೆಂಚ್ ವಾಸ್ತುಶಿಲ್ಪಿ. ಒಳಗೆ ನಿಂತು ತಲೆಯೆತ್ತಿದರೆ ಬಣ್ಣದ ಹೆಂಚುಗಳ ಚಿತ್ತಾರ.

ಜನ ಬಂದು ಎರಡು ಬೆರಳುಗಳನ್ನು ಕಲ್ಲಿನ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ಕೆಲವರು ಅಲ್ಲಿಯೇ ನೆಲದ ಮೇಲೆ ಹಫ್ತ್ ಸೀನ್ ಹಾಸಿಕೊಂಡಿದ್ದರು. ಹೊಸದಾಗಿ ಮದುವೆಯಾದ ಜೋಡಿ, ಸೈನ್ಯದ ಸಮವಸ್ತ್ರದ ಹುಡುಗ, ಮೊಮ್ಮಗುವನ್ನು ಎತ್ತಿಕೊಂಡ ಅಜ್ಜ. ಯಾರೋ ಒಬ್ಬರು ಗಟ್ಟಿಯಾಗಿ ಓದಲು ಶುರು ಮಾಡಿದರೆ ಗುರುತಿಲ್ಲದವರೂ ಮುಂದಿನ ಸಾಲು ಸೇರಿಸುತ್ತಿದ್ದರು. ಹೊರಗೆ ಒಬ್ಬ ಮುದುಕ ಪುಟ್ಟ ಹಕ್ಕಿಯೊಂದನ್ನು ಇಟ್ಟುಕೊಂಡು ಕುಳಿತಿದ್ದ. ದುಡ್ಡು ಕೊಟ್ಟರೆ ಹಕ್ಕಿ ಕೊಕ್ಕಿನಿಂದ ಒಂದು ಲಕೋಟೆ ಎತ್ತಿಕೊಡುತ್ತದೆ. ಅರೇ, ನಮ್ಮ ಗಿಣಿಶಾಸ್ತ್ರ! ಆದರೆ ಲಕೋಟೆಯೊಳಗೆ ದೇವರ ಚಿತ್ರವಿರಲಿಲ್ಲ, ಹಾಫಿಜನ ಪದ್ಯವಿತ್ತು.

ಹೊಸ ವರ್ಷದ ಬಾಗಿಲಲ್ಲಿ ಕವಿತೆಯನ್ನು ನಿಲ್ಲಿಸುವ ಪದ್ಧತಿ ಇರಾನಿನವರದೊಂದೇ ಅಲ್ಲ. ಜಪಾನಿನಲ್ಲಿ ಹೊಸ ವರ್ಷದ ದಿನಗಳಲ್ಲಿ ಮನೆಮಂದಿ ಕವಿತೆಯ ಇಸ್ಪೀಟು ಆಡುತ್ತಾರೆ. ಹದಿಮೂರನೆಯ ಶತಮಾನದ ಫುಜಿವಾರ ನೊ ತೇಯಿಕ ನೂರು ಕವಿಗಳಿಂದ ಒಂದೊಂದು ಪದ್ಯ ಆರಿಸಿ ಮಾಡಿದ ಸಂಕಲನವೇ ಅದಕ್ಕೆ ಆಧಾರ. ಒಬ್ಬರು ಪದ್ಯವನ್ನು ಮೊದಲಿಂದ ಓದುತ್ತಾರೆ. ನೆಲದ ಮೇಲೆ ಹರಡಿದ ಎಲೆಗಳಲ್ಲಿ ಪದ್ಯದ ಉತ್ತರಾರ್ಧ ಮಾತ್ರ ಇರುತ್ತದೆ. ಪೂರ್ವಾರ್ಧ ಕೇಳುತ್ತಲೇ ಸರಿಯಾದ ಎಲೆಗೆ ಕೈ ಹಾಕಬೇಕು. ನೂರೂ ಪದ್ಯ ಬಾಯಿಗೆ ಬರುವ ಮಕ್ಕಳು ಮೊದಲ ಅಕ್ಷರಕ್ಕೇ ಎಲೆಯನ್ನು ಹಾರಿಸಿಬಿಡುತ್ತಾರೆ! ಇದರ ದೊಡ್ಡ ಪಂದ್ಯಾಟ ಪ್ರತಿ ಜನವರಿಯಲ್ಲಿ ಓತ್ಸು ಪಟ್ಟಣದ ಓಮಿ ದೇಗುಲದಲ್ಲಿ ನಡೆಯುತ್ತದೆ.

ಡಿಸೆಂಬರ್ 31ರ ನಡುರಾತ್ರಿ ಜಗತ್ತಿನ ಎಷ್ಟೋ ಕಡೆ ಕೈಕೈ ಹಿಡಿದು ಹಾಡುವ ‘ಆಲ್ಡ್ ಲ್ಯಾಂಗ್ ಸೈನ್’ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1788ರಲ್ಲಿ ಬರೆದುಕೊಟ್ಟದ್ದು. ಕೋಲ್ಕತ್ತದಲ್ಲಿ ವೈಶಾಖದ ಮೊದಲ ದಿನ ಅಂಗಡಿಕಾರರು ಹೊಸ ಖಾತೆ ತೆರೆದು ಗಿರಾಕಿಗಳಿಗೆ ಸಿಹಿ ಹಂಚಿದರೆ, ಕಾಲೇಜ್ ಸ್ಟ್ರೀಟಿನ ಪ್ರಕಾಶಕರು ಲೇಖಕರನ್ನೂ ಓದುಗರನ್ನೂ ಕರೆದು ಕೂರಿಸಿ ಹೊಸ ಪುಸ್ತಕ ಹೊರತರುತ್ತಾರೆ. ನಮ್ಮಲ್ಲೇನು ಕಡಿಮೆ? ಯುಗಾದಿಯ ಬೆಳಿಗ್ಗೆ ಬೇಂದ್ರೆಯವರ ‘ಯುಗಾದಿ’ ಕೇಳದ ಕನ್ನಡದ ಕಿವಿ ಅಪರೂಪ. 1963ರ ‘ಕುಲವಧು’ ಚಿತ್ರಕ್ಕೆ ಎಸ್. ಜಾನಕಿಯವರು ಹಾಡಿದ ಮೇಲೆ ಅದು ಅಕ್ಷರ ಬಾರದವರ ಮನೆಗೂ ಹೊಕ್ಕಿತು.

ಕಲಬುರಗಿಯ ಕರೆ

ರಾತ್ರಿ ಗೋರಿಯ ತೋಟದಲ್ಲಿ ಕುಳಿತಿದ್ದಾಗ ಗೆಳೆಯ ತನ್ನ ತಾಯಿಗೆ, “ಇವರು ದಖ್ಖನ್ನಿನವರು” ಎಂದ. ಅಜ್ಜಿಯ ಮುಖ ಅರಳಿತು. “ಹಾಫಿಜ್ ಬರಲಾಗದೆ ಹೋದ ದೇಶ!” ಎಂದರು.

ಶಾಲೆಯಲ್ಲಿ ಬಹಮನಿ ಸುಲ್ತಾನರ ಇಸವಿಗಳನ್ನು ಗಿಳಿಪಾಠ ಮಾಡಿದ ನನಗೆ ಈ ಕಥೆ ಯಾರೂ ಹೇಳಿರಲಿಲ್ಲ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯಕ್ಕೆ ಮೊದಲ ರಾಜಧಾನಿ ನಮ್ಮ ಕಲಬುರಗಿಯೇ. ಅಲ್ಲಿ 1378ರಿಂದ 1397ರವರೆಗೆ ಆಳಿದ ಎರಡನೆಯ ಮುಹಮ್ಮದ್ ಶಹ ಕಾವ್ಯಪ್ರೇಮಿ. ಅವನ ಆಸ್ಥಾನದಲ್ಲಿದ್ದ ಮೀರ್ ಫಜಲುಲ್ಲಾ ಇಂಜೂ ಎಂಬಾತ ಹಾಫಿಜನನ್ನು ದಖ್ಖನ್ನಿಗೆ ಆಹ್ವಾನಿಸಿ, ದಾರಿಯ ಖರ್ಚಿಗೆ ಹಣವನ್ನೂ ಕಳಿಸಿದ. ಕವಿ ಅದರಲ್ಲಿ ಒಂದಿಷ್ಟನ್ನು ಬಂಧುಗಳಿಗೂ ಸಾಲಗಾರರಿಗೂ ಕೊಟ್ಟು ಹೊರಟ. ಲಾರ್ ಎಂಬ ಊರಿನಲ್ಲಿ ದರೋಡೆಗೆ ಸಿಕ್ಕಿ ಎಲ್ಲ ಕಳೆದುಕೊಂಡ ಸ್ನೇಹಿತನೊಬ್ಬ ಎದುರಾದ. ಉಳಿದದ್ದನ್ನು ಅವನ ಕೈಗೆ ಹಾಕಿದ. ಬರಿಗೈಯಾದ ಕವಿಯನ್ನು ಇಬ್ಬರು ವರ್ತಕರು ತಮ್ಮ ಖರ್ಚಿನಲ್ಲಿ ಹೊರ್ಮುಜ್ ಬಂದರಿಗೆ ಕರೆತಂದು ದಖ್ಖನ್ನಿನ ಹಡಗು ಹತ್ತಿಸಿದರು. ಲಂಗರು ಎತ್ತುವ ಮುನ್ನ ಬಿರುಗಾಳಿ ಎದ್ದಿತು. ಹಾಫಿಜ್ ಹೆದರಿದ. ‘ಗೆಳೆಯರಿಗೆ ಹೇಳಿ ಬರುವುದು ಮರೆತೆ’ ಎಂದು ನೆಪ ಹೇಳಿ ಇಳಿದವನು ಮತ್ತೆ ಹತ್ತಲೇ ಇಲ್ಲ. ಸಮುದ್ರದ ಭಯ ದರ್ಬಾರಿನ ಸಿರಿಗಿಂತ ದೊಡ್ಡದೆಂದು ಒಂದು ಗಜಲು ಬರೆದು ಕಳಿಸಿ ಶಿರಾಜಿಗೆ ಮರಳಿದ. ಸುಲ್ತಾನ ಸಿಟ್ಟಾಗಲಿಲ್ಲ; ಪದ್ಯ ಕೇಳಿ ಮೆಚ್ಚಿ ಕವಿಗೆ ಕಾಣಿಕೆ ಕಳಿಸಿದ.

ಈ ಕಥೆಯನ್ನು ಬರೆದಿಟ್ಟವನು ಫಿರಿಶ್ತಾ ಎಂಬ ಇತಿಹಾಸಕಾರ. ಬರೆದದ್ದು ಇನ್ನೂರು ವರ್ಷಗಳ ಮೇಲೆ, ಎರಡನೆಯ ಇಬ್ರಾಹಿಂ ಆದಿಲ್ ಶಹನ ವಿಜಯಪುರದಲ್ಲಿ. ಅಂದರೆ ಕರೆದದ್ದು ನಮ್ಮ ಊರು, ಕಥೆ ಉಳಿಸಿದ್ದು ನಮ್ಮ ನೆರೆಯ ಊರು. ಕವಿ ಹೆದರಿದ ಆ ಕೊಲ್ಲಿಯನ್ನು ನಾನು ಚಹಾ ಕುಡಿಯುತ್ತ ದಾಟಿ ಬಂದಿದ್ದೆ, ಅವನ ಒಂದು ಸಾಲನ್ನೂ ಓದದೆ.

ಬೀಗದ ಕೈ

ಯುಗಾದಿಗೆ ಎರಡು ದಿನ ಮೊದಲು ಕಲಬುರಗಿಗೆ ಬಂದೆ. ಬಿಸಿಲು ಆಗಲೇ ಕಾದ ಹೆಂಚು. ಮಗಳ ಪರೀಕ್ಷೆ ಮುಗಿದಿತ್ತು. ಅವಳು ನನ್ನ ಪೆಟ್ಟಿಗೆಯಲ್ಲಿ ಚಾಕಲೇಟು ಹುಡುಕಲಿಲ್ಲ. “ಅಪ್ಪಾ, ಬೀಗದ ಕೈ ತಂದೀರೇನ್ರಿ?” ಎಂದಳು.

ಬೀರು ತೆರೆದೆ. ಅವಳು ಎಲ್ಲವನ್ನೂ ಬಿಟ್ಟು ತೇಜಸ್ವಿಯವರ ‘ಕರ್ವಾಲೊ’ ಎತ್ತಿಕೊಂಡಳು. ಅರ್ಧಕ್ಕೆ ಬಸ್ ಟಿಕೆಟಿನ ಗುರುತು ಇತ್ತು. ಹಾರುವ ಓತಿಯನ್ನು ಹುಡುಕುತ್ತ ಕಾಡಿಗೆ ಹೊರಟವರನ್ನು ನಾನು ಒಂದೂವರೆ ತಿಂಗಳು ಹಾದಿಯಲ್ಲೇ ನಿಲ್ಲಿಸಿಬಿಟ್ಟಿದ್ದೆ!

“ಮುಂದೇನಾತು ಅಂತ ತಿಳಿಯದ ಹೆಂಗಿದ್ದಿ?” ಎಂದು ಕೇಳಿದೆ.

“ನಾನೇ ಕಟ್ಟೀನಿ. ದಿನಾ ರಾತ್ರಿ ಮಲಗುವಾಗ ಅಜ್ಜಿಗೆ ಒಂದಿಷ್ಟು ಹೇಳತಿದ್ದೆ” ಎಂದಳು.

ನನ್ನ ತಾಯಿಗೆ ಓದು ಬಾರದು. ಮೂಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕುಳಿತವಳು ತಲೆಯೆತ್ತದೆ, “ಭಾಳ ಚಂದ ಹೇಳ್ಯಾಳಪ್ಪ. ಈಗ ಬರೆದಾಂವ ಏನ್ ಹೇಳ್ಯಾನ ಅದನ್ನ ಓದಿ ಹೇಳಲಿ. ಯಾರದು ಚಂದ ಐತಿ ನೋಡೂಣು” ಎಂದಳು.

ಬೀಗ ಹಾಕಿದಾಗ ಅವಳ ಓದನ್ನು ತಡೆದೆ ಎಂದುಕೊಂಡಿದ್ದೆ. ಅದು ಗೋಡೆಯ ಬಿರುಕಿನ ಹುಲ್ಲಿನಂತೆ ಬೇರೆ ದಾರಿ ಹುಡುಕಿಕೊಂಡಿತ್ತು. ಈ ಮನೆಯಲ್ಲಿ ಕಥೆ ಹೇಳುವವಳೊಬ್ಬಳು, ಕೇಳುವವಳೊಬ್ಬಳು ಇದ್ದರು. ತಿಳಿಯದೆ ಇದ್ದವನು ನಾನೊಬ್ಬನೇ.

ಯುಗಾದಿಯಂದು ಹೊಸ ಮಡಕೆಯಲ್ಲಿ ಬೇವಿನ ಹೂವು, ಬೆಲ್ಲ, ಹುಣಸೆ, ಮಾವಿನಕಾಯಿ ಹಾಕಿ ನಮ್ಮ ಕಡೆಯ ಪದ್ಧತಿಯಂತೆ ಬೇವು ಮಾಡಿದರು. ದೇವರ ಮುಂದೆ ಪಂಚಾಂಗದ ಪಕ್ಕದಲ್ಲಿ ಮಗಳು ತನ್ನ ಪುಸ್ತಕವನ್ನೂ ಇಟ್ಟಳು. ನನ್ನ ಹೆಂಡತಿ, “ಇದೇನು ಹೊಸ ಪದ್ಧತಿ?” ಎಂದು ನನ್ನ ಕಡೆ ನೋಡಿದಳು. ನಾನು ಶಿರಾಜಿನ ಕಥೆ ಹೇಳಿದೆ. ಅವಳು ಪುಸ್ತಕಕ್ಕೂ ಒಂದಿಷ್ಟು ಅರಿಸಿನ ಕುಂಕುಮ ಹಚ್ಚಿದಳು. ಪಂಚಾಂಗ ಶ್ರವಣವಾಯಿತು, ಹೇವಿಳಂಬಿ ಸಂವತ್ಸರದ ಮಳೆ ಬೆಳೆಗಳನ್ನೆಲ್ಲ ಕೇಳಿದೆವು. ಆಮೇಲೆ ಮಗಳು ಗುರುತಿಟ್ಟ ಪುಟದಿಂದ ಗಟ್ಟಿಯಾಗಿ ಓದತೊಡಗಿದಳು. ಹೋಳಿಗೆಯ ತಟ್ಟೆ ಖಾಲಿಯಾದರೂ ಯಾರೂ ಏಳಲಿಲ್ಲ.

ಮರುದಿನ ಬಿಸಿಲು ಏರುವ ಮುನ್ನ ಅವಳನ್ನು ಕೋಟೆಗೆ ಕರೆದುಕೊಂಡು ಹೋದೆ. 1367ರ ಜಾಮಿ ಮಸೀದಿ ಅಲ್ಲಿದೆ. ಬಯಲಂಗಳವಿಲ್ಲದೆ ಇಡಿಯಾಗಿ ಗುಮ್ಮಟಗಳ ಮಾಡು ಹೊದ್ದ ಅಪರೂಪದ ಕಟ್ಟಡ. ಹಾಫಿಜ್ ಬಂದಿದ್ದರೆ ಈ ಕಮಾನುಗಳ ಕೆಳಗೆ ನಡೆದಾಡುತ್ತಿದ್ದ. ಮಗಳು ಕಥೆಯನ್ನೆಲ್ಲ ಕೇಳಿ, “ಅಂವ ಬರಲಿಲ್ಲ ಖರೆ, ಆದರ ಅವನ ಪದ್ಯ ಬಂತಲ್ರಿ” ಎಂದಳು.

ಮುಂದಿನ ವರ್ಷ ಅವಳಿಗೆ ಎಸ್ಸೆಸ್ಸೆಲ್ಸಿ. ನನ್ನ ಕಳವಳ ಮಾಯವಾಯಿತೆಂದು ಹೇಳಲಾರೆ. ಫೋನಿನಲ್ಲಿ ಮತ್ತೆ ಮತ್ತೆ ಗಣಿತದ ಬಗ್ಗೆಯೇ ಕೇಳಿದೆ. ಬೀಗವನ್ನು ಮಾತ್ರ ಹಾಕಲಿಲ್ಲ. ಅವಳಿಗೆ ಎಷ್ಟು ಅಂಕ ಬಂತೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾನು ಮತ್ತೆ ಹೊರಟಲ್ಲಿಗೇ ಬಂದು ನಿಂತಂತಾಗುತ್ತದೆ.

ಅಂದಿನಿಂದ ಪ್ರತಿ ಯುಗಾದಿಗೂ ನಮ್ಮ ಮನೆಯಲ್ಲಿ ಬೇವಿನ ಮಡಕೆಯ ಪಕ್ಕ ಒಂದು ಪುಸ್ತಕ ಇರುತ್ತದೆ. ಯಾವುದೆಂದು ಆರಿಸುವ ಸರದಿ ವರ್ಷಕ್ಕೊಬ್ಬರದು. ನನ್ನ ತಾಯಿಯ ಸರದಿ ಬಂದಾಗ ಅವಳು ಓದು ಬಾರದಿದ್ದರೂ ಕಪಾಟಿನ ಮುಂದೆ ನಿಂತು, ಒಂದೊಂದನ್ನೇ ಕೈಯಲ್ಲಿ ತೂಗಿ ನೋಡಿ, ಎಲ್ಲಕ್ಕಿಂತ ದಪ್ಪನೆಯದನ್ನು ಎತ್ತಿಕೊಂಡಳು. “ಇದಾದರ ಶ್ರಾವಣದ ತನಕ ಬರತೈತಿ” ಎಂದಳು.